ಗಾಜಿನಲ್ಲಿ ನೀರು ಕಾಣದಿದ್ದರೆ

ಸೊಸೆಗೆ ಲೈಸೆನ್ಸ್ ಇರಲಿಲ್ಲ. ಮಿಕ್ಕಿದ್ದೆಲ್ಲ ಇತ್ತು. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿಯ ಬಾಯ್ಲರ್ ಮನೆಯಲ್ಲಿ ಐದು ವರ್ಷ ಸಹಾಯಕಿಯಾಗಿ ದುಡಿದಿದ್ದಳು. ಸೌದೆ ಹಸಿಯೋ ಒಣಗಿದ್ದೋ ಹೊಗೆ ನೋಡಿಯೇ ಹೇಳುತ್ತಿದ್ದಳು. ಎರಡೂ ಮುಂಗೈಗಳ ಮೇಲೆ ಸುಟ್ಟ ಕಲೆಗಳಿದ್ದವು. ಬಾಯ್ಲರ್ ನಡೆಸುವ ಲೈಸೆನ್ಸಿಗಾಗಿ ಬರೆಯುವ ಪರೀಕ್ಷೆಯನ್ನು ಒಂದೇ ಏಟಿಗೆ ಪಾಸು ಮಾಡಿದ್ದಳು. ಬಾಯಿಪರೀಕ್ಷೆಯಲ್ಲಿ ಬಿದ್ದಳು.

ಅವಳು ಮನೆಗೆ ಬಂದಾಗ ಮಾವ ಗೇಟಿನ ಹತ್ತಿರವೇ ಕಾಯುತ್ತಿದ್ದರು. ಅದೇ ಬಾಯ್ಲರನ್ನು ಮೂವತ್ತು ವರ್ಷ ನಡೆಸಿ ನಿವೃತ್ತರಾದ ಮನುಷ್ಯ. ಸೊಸೆಯನ್ನು ಆ ಕೆಲಸಕ್ಕೆ ಸೇರಿಸಿದವರು, ಪರೀಕ್ಷೆಗೆ ತಯಾರು ಮಾಡಿದವರು, ಪಾಸಾದಳೆಂದೇ ಬೀದಿಗೆಲ್ಲ ಮುಂಗಡವಾಗಿ ಹೇಳಿಕೊಂಡು ಬಂದವರು ಎಲ್ಲ ಅವರೇ.

“ಏನಾಯ್ತು?”

“ಹೋಯ್ತು ಮಾವ.”

“ಹೋಯ್ತು ಅಂದ್ರೆ? ಸರಿಯಾಗಿ ಹೇಳು.”

“ಫೇಲು. ಇನ್ನು ಹೇಗೆ ಸರಿಯಾಗಿ ಹೇಳ್ಲಿ?”

ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಮಾವ ಹಿಂದೆಯೇ ಬಂದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತರು. ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವ ಗಂಡ ಆಗತಾನೇ ಊಟಕ್ಕೆ ಕೂತಿದ್ದ. ಬಾಯಿಗೆ ಹೊರಟ ತುತ್ತನ್ನು ಕೆಳಗಿಟ್ಟ.

“ಏನು ಕೇಳಿದ್ರು?” ಎಂದರು ಮಾವ.

“ಗಾಜಲ್ಲಿ ನೀರು ಕಾಣಿಸ್ತಿಲ್ಲ, ಮೊದಲು ಏನು ಮಾಡ್ತೀರಿ ಅಂತ.”

“ಥೂ, ಅದು ಎಳೆಮಕ್ಕಳ ಪ್ರಶ್ನೆ. ಏನಂದೆ?”

“ನೀವು ಹೇಳ್ಕೊಟ್ಟಿದ್ದನ್ನೇ ಅಂದೆ. ಬೆಂಕಿ ಕಾಪಾಡ್ಕೊಂಡು ತಕ್ಷಣ ಪಂಪ್ ಹಾಕಿ ನೀರು ಬಿಡ್ತೀನಿ ಅಂದೆ.”

“ಸರಿಯಾಗೇ ಹೇಳಿದ್ದೀಯಲ್ಲ!”

“ಮೂವರಲ್ಲಿ ನಡುವೆ ಕೂತಿದ್ದ ಸಾಹೇಬರು ಪೆನ್ನು ಮುಚ್ಚಿಟ್ರು. ‘ಹಾಗೆ ಮಾಡಿದ್ರೆ ನೀವೂ ಇರಲ್ಲ, ಬಾಯ್ಲರ್ ಮನೆಯೂ ಇರಲ್ಲ’ ಅಂದ್ರು. ‘ಮುಂದಿನವರನ್ನ ಕಳ್ಸಿ’ ಅಂದ್ರು.”

ಬಾಯ್ಲರಿನ ಮುಂಭಾಗದಲ್ಲಿ ನಿಲ್ಲಿಸಿದ ಗಾಜಿನ ಕೊಳವೆಯೊಂದಿರುತ್ತದೆ. ಒಳಗೆ ನೀರು ಎಷ್ಟಿದೆಯೋ ಕೊಳವೆಯಲ್ಲೂ ಅಷ್ಟೇ ಎತ್ತರಕ್ಕೆ ಕಾಣುತ್ತದೆ. ಕಾಣದೇ ಹೋದರೆ ಒಳಗೆ ಕಬ್ಬಿಣ ಬರಿದಾಗಿ ಕಾದಿರಬಹುದು. ಕಾದ ಕಬ್ಬಿಣದ ಮೇಲೆ ತಣ್ಣೀರು ಬಿದ್ದರೆ ಬಾಯ್ಲರ್ ಸಿಡಿಯಬಹುದು. ಮೊದಲು ಬೆಂಕಿ ಕೊಲ್ಲಬೇಕು, ನೀರು ಬಿಡಲೇಬಾರದು ಎಂದು ಪುಸ್ತಕದಲ್ಲಿ ದಪ್ಪಕ್ಷರದಲ್ಲಿತ್ತು. ಅವಳು ಆ ಪುಟವನ್ನು ಓದಿಯೂ ಇದ್ದಳು. ಆದರೆ ಐದು ವರ್ಷ ಕಿವಿಯ ಮೇಲೆ ಬಿದ್ದದ್ದೇ ಬೇರೆ. ಒಮ್ಮೆ ಬೆಂಕಿ ಆರಿಸಿದರೆ ಮತ್ತೆ ಉಗಿ ಏಳುವುದಕ್ಕೆ ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಒದ್ದೆ ಬಟ್ಟೆ ಮೂಲೆಮೂಲೆಗೂ ರಾಶಿ ಬೀಳುತ್ತದೆ, ಮ್ಯಾನೇಜರ್ ಬಂದು ಕೂಗಾಡುತ್ತಾನೆ. ಆದ್ದರಿಂದ ಕೆಲಸದ ಹೊತ್ತಿನಲ್ಲಿ ಬೆಂಕಿ ಆರಬಾರದು. ಮಾವನ ವಿದ್ಯೆಯೆಲ್ಲ ಇಷ್ಟೇ. ಗಾಜು ಬರಿದಾದಾಗ ಮೂರ್ನಾಲ್ಕು ಸಲ ಅವರು ನೀರು ಬಿಟ್ಟಿದ್ದರು. ಏನೂ ಆಗಿರಲಿಲ್ಲ. ಏನೂ ಆಗಲಿಲ್ಲವೆಂಬುದನ್ನೇ ಅವರು ಸರಿಯೆಂದು ತಿಳಿದಿದ್ದರು.

“ಆ ಸಾಹೇಬ ಬಾಯ್ಲರ್ ಮುಂದೆ ಒಂದು ದಿನ ನಿಂತಿದ್ದಾನಾ ಕೇಳು” ಎಂದರು ಮಾವ. “ಫ್ಯಾನ್ ಕೆಳಗೆ ಕೂತು ನೀರು ಬಿಡಬಾರದಂತೆ.”

“ಕೇಳ್ಕೊಂಡು ಬರೋಕೆ ಆರು ತಿಂಗಳು ಬಿಟ್ಟು ಕರೀತಾರೆ, ಆಗ ಕೇಳ್ತೀನಿ ಬಿಡಿ.”

“ನನ್ನ ಮೇಲೆ ಯಾಕೆ ಹಾರ್ತೀಯ?”

“ನಿಮ್ಮ ಉತ್ತರ ಹೇಳಿ ಬಿದ್ದಿದ್ದೀನಿ ಮಾವ. ಇನ್ನ್ಯಾರ ಮೇಲೆ ಹಾರ್ಲಿ?”

“ಮೊದಲು ತಟ್ಟೆ ಮುಂದೆ ಕೂತ್ಕೊಳ್ಳಿ” ಎಂದರು ಅತ್ತೆ. “ಅನ್ನ ಆರ್ತಾ ಇದೆ. ಈ ಮನೇಲಿ ಬೆಂಕಿ ಆರಬಾರದು ಅಂತಾರೆ, ಅನ್ನ ಮಾತ್ರ ದಿನಾ ಆರುತ್ತೆ.”

ಮಾವ ಸೊಸೆ ಇಬ್ಬರೂ ಕೂತರು.

ಬಿದ್ದದ್ದಕ್ಕಿಂತ ದೊಡ್ಡ ಸಂಕಟ ಲಾಂಡ್ರಿಯಲ್ಲಿತ್ತು. ಮಾವನ ನಂತರ ಬಂದಿದ್ದ ಲೈಸೆನ್ಸುದಾರ ಕೆಲಸ ಬಿಟ್ಟುಹೋಗಿದ್ದ. “ಲೈಸೆನ್ಸ್ ತಗೊಂಡು ಬಾ ಕಣಮ್ಮ, ಆ ಜಾಗ ನಿಂದೇ” ಎಂದು ಮ್ಯಾನೇಜರ್ ಅವಳಿಗೆ ಮಾತು ಕೊಟ್ಟಿದ್ದ. ಬಾಯ್ಲರಿಗೆ ಬೆಂಕಿಯಿರುವಷ್ಟು ಹೊತ್ತೂ ಲೈಸೆನ್ಸ್ ಇರುವವನೊಬ್ಬ ಅಲ್ಲೇ ಇರಬೇಕು, ಸಹಾಯಕರು ಅವನ ಕೈಕೆಳಗೆ ಮಾತ್ರ ದುಡಿಯಬೇಕು ಎಂಬುದು ಕಾಯಿದೆ. ಅವಳು ಬಿದ್ದ ಸುದ್ದಿ ಕೇಳಿ ಮ್ಯಾನೇಜರ್ ತಲೆ ಕೆರೆದುಕೊಂಡ.

“ಈಗ ಏನು ಮಾಡೋದು? ಯಾರನ್ನಾದ್ರೂ ಇಡ್ಲೇಬೇಕಲ್ಲ.”

“ಮುಂದಿನ ಪರೀಕ್ಷೆವರೆಗೆ ನೋಡಿ ಸರ್.”

“ಅಲ್ಲೀವರೆಗೆ ನೋಡ್ತೀನಿ. ಆಗಲೂ ಬಿದ್ರೆ ನನ್ನ ಕೇಳ್ಬೇಡ.”

ಒಂದು ವಾರದಲ್ಲಿ ಹೊಸಬನೊಬ್ಬ ಬಂದ. ಫೋಟೋ ಅಂಟಿಸಿದ ಅವನ ಲೈಸೆನ್ಸನ್ನು ಚೌಕಟ್ಟು ಹಾಕಿಸಿ ಬಾಯ್ಲರ್ ಮನೆಯ ಗೋಡೆಗೆ ತೂಗುಹಾಕಿದರು. ಅವನಿಗೆ ಇನ್ನೆರಡು ಕಡೆ ಇಂಥದೇ ಕೆಲಸವಿತ್ತು. ವಾರಕ್ಕೊಮ್ಮೆ ಬಂದು, ಚಹಾ ಕುಡಿದು, ಸಹಿ ಹಾಕಿ ಹೋಗುತ್ತಿದ್ದ. ಇಸ್ತ್ರಿ ವಿಭಾಗದ ಹಿರಿಯಳು, ಎಲ್ಲರೂ ಇಸ್ತ್ರಿ ಅಕ್ಕ ಎನ್ನುತ್ತಿದ್ದ ಹೆಂಗಸು, ಅವನಿಗೆ ‘ಫೋಟೋ’ ಎಂದೇ ಹೆಸರಿಟ್ಟಳು.

“ಏನೇ, ನಿಮ್ಮ ಫೋಟೋ ಇವತ್ತು ಗೋಡೆ ಇಳಿದು ಬಂದಿದ್ನಾ?”

“ಬಂದಿದ್ದ ಅಕ್ಕಾ. ಗಾಜು ಎಲ್ಲಿದೆ ಅಂತ ನನ್ನೇ ಕೇಳ್ದ.”

ಕೆಲಸವೆಲ್ಲ ಅವಳದು, ಸಂಬಳ ಸಹಾಯಕಿಯದು. ಬೆಳಿಗ್ಗೆ ಬೆಂಕಿ ಹಾಕಿದರೆ ಸಂಜೆ ಬೂದಿ ಎಳೆಯುವವರೆಗೂ ಅವಳೊಬ್ಬಳೇ. ಸೌದೆ ಹೊರುವ ಆಳು ಹೊರಗಿನ ಅಂಗಳದಲ್ಲಿರುತ್ತಿದ್ದ. ಪ್ರತಿ ಸಲ ತಲೆಯೆತ್ತಿದಾಗಲೂ ಗೋಡೆಯ ಮೇಲಿನ ಆ ಗುಂಡುಮುಖ ಇವಳನ್ನೇ ನೋಡುತ್ತಿತ್ತು. ಒಂದು ದಿನ ಅವಳು ಸುಮ್ಮಸುಮ್ಮನೆ ಸಿಟ್ಟು ಬಂದು ಅದರ ಮೇಲೆ ಒದ್ದೆ ಚಿಂದಿ ಬೀಸಿ ಒಗೆದಳು. ಆಮೇಲೆ ತಾನೇ ಎದ್ದು ಒರೆಸಿದಳು.

ಮನೆಯಲ್ಲಿ ಓದು ಶುರುವಾಯಿತು. ಓದು ಎಂದರೆ ಬೇರೆಯವರಿಗೆ ಕೆಲಸ. ಬೆಳಗಿನ ಅಡುಗೆ ಅತ್ತೆಯ ಪಾಲಿಗೆ ಬಂತು, ಪಾತ್ರೆ ತೊಳೆಯುವುದು ಗಂಡನ ಪಾಲಿಗೆ. ಗಂಡ ತೊಳೆದ ತಟ್ಟೆಗಳನ್ನು ಅತ್ತೆ ಎರಡನೇ ಸಲ ತೊಳೆಯುತ್ತಿದ್ದರು, ಅದೂ ಸದ್ದು ಮಾಡಿಕೊಂಡು.

“ಬಿಡಮ್ಮ, ತೊಳೆದಿದ್ದೀನಿ.”

“ನೀರು ತೋರಿಸಿದ್ದೀಯ. ನಾವು ಅಡುಗೆಮನೆ ಒಲೆಗೆ ಬೆಂಕಿ ಹಾಕಿದ್ರೆ ಯಾರೂ ಪರೀಕ್ಷೆ ಇಡ್ಲಿಲ್ಲಪ್ಪ. ಇವಳು ಲಾಂಡ್ರಿ ಒಲೆಗೆ ಹಾಕ್ತಾಳೆ, ಮನೆ ಮಂದಿಗೆಲ್ಲ ಪರೀಕ್ಷೆ.”

ಕೇಳಿಸಲಿ ಎಂದೇ ಆಡಿದ ಮಾತು. ಸೊಸೆ ಕಿವಿಗೆ ಹಾಕಿಕೊಳ್ಳದೆ ಪುಟ ತಿರುಗಿಸುತ್ತಿದ್ದಳು. ಮಾವ ಮಾತ್ರ ಆ ಪುಸ್ತಕ ಇರುವ ಕೋಣೆಗೇ ಬರುತ್ತಿರಲಿಲ್ಲ. ಅವಳು ಬಾಯಿಪಾಠ ಮಾಡುವಾಗ ರೇಡಿಯೋದ ಧ್ವನಿ ಏರಿಸುತ್ತಿದ್ದರು. ಒಂದು ಭಾನುವಾರ ಊಟಕ್ಕೆ ಕೂತಾಗ ತಡೆಯಲಾರದೆ ಅಂದರು:

“ಮೂವತ್ತು ವರ್ಷ ಸುಳ್ಳಾಯ್ತಾ ಹಾಗಾದ್ರೆ?”

“ಹಾಗಂತ ನಾನು ಅಂದ್ನಾ?”

“ಆ ಪುಸ್ತಕ ಅನ್ನುತ್ತಲ್ಲ.”

“ಪುಸ್ತಕದ ಜೊತೆ ಜಗಳ ಆಡಿ ಮಾವ. ನಂಗೆ ಬೇಳೆ ಈ ಕಡೆ ತಳ್ಳಿ.”

“ನೋಡೋ, ನಿನ್ನ ಹೆಂಡ್ತಿ ಮಾತು!”

ಗಂಡ ಆಲೂಗಡ್ಡೆ ಪಲ್ಯದ ಪಾತ್ರೆಯೊಳಗೆ ತಲೆ ಹಾಕಿದ. “ಅಪ್ಪಾ, ನನಗೆ ಎಂಟನೇ ನಂಬರ್ ಕಾಲಿಗೆ ಏಳನೇ ನಂಬರ್ ಚಪ್ಪಲಿ ತೂರಿಸೋದು ಗೊತ್ತು. ಈ ಬಾಯ್ಲರ್ ಪಂಚಾಯ್ತಿ ನನಗೆ ಬೇಡ.”

ಮುನಿಸಿದ್ದರೂ ಮಾವ ಒಂದು ಕೆಲಸ ಬಿಟ್ಟಿರಲಿಲ್ಲ. ದಿನಾ ಮಧ್ಯಾಹ್ನ ಸೊಸೆಗೆ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದರು. ಬುತ್ತಿ ಒಂದು ನೆಪ. ಬಾಯ್ಲರ್ ಮನೆಯ ಕಾವಿನಲ್ಲಿ ಸ್ವಲ್ಪ ಹೊತ್ತು ಕೂತು, ಕಣ್ಣು ಮುಚ್ಚಿ ಪಂಪಿನ ಸದ್ದು ಕೇಳಿ, ಬೇರಿಂಗ್ ಹಳತಾಯ್ತು ಎಂದು ಯಾರಿಗೂ ಅಲ್ಲದಂತೆ ಹೇಳಿ ಎದ್ದುಬರದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಅಂಥ ಒಂದು ಮಧ್ಯಾಹ್ನವೇ ಅದು ನಡೆದದ್ದು. ಮಾವ ಬುತ್ತಿ ಕೆಳಗಿಡುತ್ತಿದ್ದರು. ಅವಳು ಕೈ ತೊಳೆದುಕೊಂಡು ತಿರುಗಿ ನೋಡಿದಳು. ಗಾಜು ಬರಿದಾಗಿತ್ತು. ಅದರ ಕೆಳಗಿನ ನಲ್ಲಿ ತಿರುಗಿಸಿ ನೋಡಿದಳು. ನೀರು ಬರಲಿಲ್ಲ, ಬರೀ ಉಗಿ ಬುಸುಗುಟ್ಟಿತು. ಪಂಪ್ ಓಡುತ್ತಲೇ ಇತ್ತು.

“ತೊಟ್ಟಿ ಖಾಲಿಯಾಗಿರ್ಬೇಕು, ಗಾಳಿ ಎಳೀತಿದೆ” ಎಂದರು ಮಾವ ಒಂದೇ ಉಸಿರಿಗೆ. “ಎರಡನೇ ಪಂಪ್ ಹಾಕು. ಮೇಲಿನ ಟ್ಯಾಂಕಿನ ನೀರು ಬಿಡು. ಬೇಗ!”

ಅವಳು ಆಗಲೇ ಗಾಳಿ ಊದುವ ಫ್ಯಾನ್ ನಿಲ್ಲಿಸಿದ್ದಳು. ಹೊಗೆಕೊಳವೆಯ ಬಾಗಿಲು ಎಳೆದು, ಸಲಿಕೆ ತೆಗೆದುಕೊಂಡು ಬೆಂಕಿಯ ಮೇಲೆ ಬೂದಿ ಸುರಿಯತೊಡಗಿದಳು.

“ಏನು ಮಾಡ್ತಿದ್ದೀಯ? ಬೆಂಕಿ ಆರಿಸ್ತೀಯಾ? ಬುದ್ಧಿ ಇದ್ಯಾ ನಿಂಗೆ?”

“ಸುಮ್ನಿರಿ ಮಾವ.”

ಮಾವ ಸುಮ್ಮನಿರಲಿಲ್ಲ. ಎರಡನೇ ಪಂಪಿನ ಸ್ವಿಚ್ಚಿನತ್ತ ನಡೆದರು. ಮೂವತ್ತು ವರ್ಷ ನಡೆದ ದಾರಿ, ಕಣ್ಣು ಕಟ್ಟಿದರೂ ಕೈ ಅಲ್ಲಿಗೇ ಹೋಗುತ್ತಿತ್ತು.

“ಮುಟ್ಬೇಡಿ!”

ಅವಳ ಕೂಗಿಗೆ ಇಸ್ತ್ರಿಯ ಹೆಂಗಸರು ಬಾಗಿಲಿಗೆ ಓಡಿಬಂದರು. ಮಾವನ ಕೈ ಸ್ವಿಚ್ಚಿನಿಂದ ಗೇಣು ದೂರದಲ್ಲಿತ್ತು.

“ಕೈ ತೆಗೀರಿ. ಇಲ್ಲಾಂದ್ರೆ ಸಲಿಕೇಲಿ ಹೊಡೀತೀನಿ. ನಿಜವಾಗ್ಲೂ ಹೊಡೀತೀನಿ ಮಾವ.”

ಮಾವ ಕೈ ತೆಗೆದರು. ಹೆಂಗಸರ ಕಡೆ ನೋಡಿದರು, ಸೊಸೆಯ ಕಡೆ ನೋಡಿದರು, ಬುತ್ತಿಯನ್ನೂ ಚೀಲವನ್ನೂ ಅಲ್ಲೇ ಬಿಟ್ಟು ಹೊರಟುಹೋದರು.

ಮ್ಯಾನೇಜರ್ ಬಂದು ಸಂಜೆವರೆಗೂ ಕೂಗಾಡಿದ. ಆಸ್ಪತ್ರೆಯವರು ಫೋನಿನ ಮೇಲೆ ಫೋನ್ ಮಾಡುತ್ತಿದ್ದರು. ನೆಲದ ತುಂಬ ಒದ್ದೆ ಚಾದರಗಳು. “ಯಾರನ್ನ ಕೇಳಿ ಬೆಂಕಿ ಆರಿಸ್ದೆ? ನಿಮ್ಮ ಮಾವ ಇದ್ದಾಗ ಒಂದು ದಿನ ಆರಿಸಿದ್ರಾ?” ಎಂದ. ಮರುದಿನ ಬಾಯ್ಲರ್ ತಣ್ಣಗಾದ ಮೇಲೆ ಮೆಕ್ಯಾನಿಕ್ ಬಂದು ಮುಚ್ಚಳ ಬಿಚ್ಚಿದ, ಟಾರ್ಚು ಹಿಡಿದು ಒಳಗೆ ಬಗ್ಗಿ ನೋಡಿದ, ಮ್ಯಾನೇಜರನ್ನು ಹತ್ತಿರ ಕರೆದ.

“ಮೇಲಿನ ಸಾಲಿನ ಕೊಳವೆಗಳ ಬಣ್ಣ ತಿರುಗಿದೆ ನೋಡಿ. ಬರಿದಾಗಿ ಕಾದಿವೆ. ಇದರ ಮೇಲೆ ತಣ್ಣೀರು ಬಿದ್ದಿದ್ರೆ ಈ ಗೋಡೆ ಹಾರಿ ಆ ರಸ್ತೆಗೆ ಬೀಳ್ತಿತ್ತು. ಬೆಂಕಿ ಆರಿಸಿದ್ದು ಯಾರು?”

ಮ್ಯಾನೇಜರ್ ಅವಳನ್ನು ತೋರಿಸಿದ. ಶಹಬ್ಬಾಸ್ ಅನ್ನಲಿಲ್ಲ. ಮೆಕ್ಯಾನಿಕ್ ಹೋದ ಮೇಲೆ, ಕೊಳವೆ ಬದಲಿಸದೆಯೇ ಮತ್ತೆ ಬೆಂಕಿ ಹಾಕಿಸಿ, ಇಷ್ಟೇ ಹೇಳಿದ: “ಈ ವಿಷಯ ಹೊರಗೆ ಯಾರೂ ಮಾತಾಡೋದು ಬೇಡ. ಇನ್‌ಸ್ಪೆಕ್ಟರ್ ಕಿವಿಗೆ ಬಿದ್ರೆ ಎಲ್ಲರಿಗೂ ತೊಂದರೆ.”

ಹೊರಗೆ ಮಾತಾಡಲಿಲ್ಲ. ಮನೆ ಹೊರಗಲ್ಲವಲ್ಲ. ಇಸ್ತ್ರಿ ಅಕ್ಕ ಮೆಕ್ಯಾನಿಕ್ ಅಂದದ್ದನ್ನು ಅಕ್ಷರ ಬಿಡದೆ ಅತ್ತೆಗೆ ಒಪ್ಪಿಸಿದಳು, ಅತ್ತೆ ಮಾವನಿಗೆ. ಮಾವ ಊಟ ಅರ್ಧಕ್ಕೆ ಬಿಟ್ಟು ಎದ್ದರು. ಅಂದಿನಿಂದ ಬುತ್ತಿ ತೆಗೆದುಕೊಂಡು ಹೋಗಲಿಲ್ಲ. ಚಹಾ ಕೊಟ್ಟರೆ ಕುಡಿಯುತ್ತಿದ್ದರು, ಕೊಡದಿದ್ದರೆ ಕೇಳುತ್ತಿರಲಿಲ್ಲ.

“ಎಷ್ಟು ದಿನ ಹೀಗೆ ಮೂಲೇಲಿ ಮೂಟೆ ಥರ ಕೂರ್ತೀರಿ?” ಎಂದು ಅತ್ತೆ ರೇಗಿದರು. “ಅವಳು ಸಲಿಕೆ ಎತ್ತಿದ್ದಕ್ಕೆ ಬದುಕಿದ್ದೀರಿ. ನಾನಾಗಿದ್ರೆ ಹೊಡೆದೇ ಬಿಡ್ತಿದ್ದೆ.”

“ನಿಂಗೆ ಗೊತ್ತಾಗಲ್ಲ ಸುಮ್ನಿರೇ.”

“ಯಾಕೆ ಗೊತ್ತಾಗಲ್ಲ? ಮೂವತ್ತು ವರ್ಷ ನೀವು ಸಂಜೆ ಮನೆಗೆ ಬಂದದ್ದೇ ಪವಾಡ ಅಂತ ಈಗ ಗೊತ್ತಾಯ್ತು.”

ಪರೀಕ್ಷೆಗೆ ಕೆಲವು ವಾರ ಉಳಿದಿತ್ತು. ಒಂದು ಬೆಳಿಗ್ಗೆ ಸೊಸೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಾಗ ಮಾವ ಕನ್ನಡಕ ಹಾಕಿಕೊಂಡು ಬಂದು ಎದುರು ಕೂತರು. ಪುಸ್ತಕ ಎಳೆದುಕೊಂಡು, ಬೆರಳಿಟ್ಟು ಒಂದು ಸಾಲು ಓದಿದರು.

“ಸುರಕ್ಷತಾ ಕವಾಟ ತಾನಾಗಿ ತೆರೆಯದಿದ್ರೆ?”

ಅವಳು ಒಂದು ಕ್ಷಣ ಅವರ ಮುಖ ನೋಡಿದಳು. ಆಮೇಲೆ ಉತ್ತರ ಹೇಳಿದಳು.

“ಉಂ. ನೀರಿನಲ್ಲಿ ಸುಣ್ಣ ಜಾಸ್ತಿ ಇದ್ರೆ?”

ಹೇಳಿದಳು. ಅಷ್ಟೇ. ಕ್ಷಮೆ ಗಿಮೆ ಏನೂ ಆ ಮನೆಯಲ್ಲಿ ಬಳಕೆಯಲ್ಲಿರಲಿಲ್ಲ. ಮರುದಿನದಿಂದ ಪ್ರಶ್ನೆ ಕೇಳುವುದು ಮಾವನ ಕೆಲಸವಾಯಿತು, ರೇಡಿಯೋ ಮೌನವಾಯಿತು. ತಪ್ಪಿದರೆ ಬೈಯುತ್ತಿದ್ದರು, ಸರಿ ಹೇಳಿದರೆ ಮುಂದಿನ ಪುಟ ತಿರುಗಿಸುತ್ತಿದ್ದರು. ಪರೀಕ್ಷೆಯ ಹಿಂದಿನ ದಿನ ಪುಸ್ತಕ ಮುಚ್ಚಿ ಅಂದರು:

“ಇದೆಲ್ಲ ಎಲ್ಲರೂ ಓದ್ಕೊಂಡು ಬರ್ತಾರೆ. ನೀನು ಆ ದಿನದ ವಿಷಯ ಹೇಳು. ಗಾಜು ಬರಿದಾಗಿದ್ದು, ಬೂದಿ ಹಾಕಿದ್ದು, ಎಲ್ಲ. ಪಕ್ಕದಲ್ಲಿ ಒಬ್ಬ ಹಳೇ ಮುದುಕ ನೀರು ಬಿಡೋಕೆ ಹೋದ, ತಡೆದೆ ಅಂತಲೂ ಹೇಳು. ಪರವಾಗಿಲ್ಲ. ಆ ಮೂರು ಜನ ಬಾಯಿ ಮುಚ್ಕೊಂಡು ಸಹಿ ಹಾಕ್ತಾರೆ.”

ಅದನ್ನು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ಎಲ್ಲರಿಗೂ ಕಂಡಿತು. ಆದ್ದರಿಂದಲೇ ಯಾರೂ ಸರಿಯಾಗಿ ಯೋಚಿಸಲಿಲ್ಲ. ಗಂಡ ಮಾತ್ರ, “ಕೇಳಿದ್ದಕ್ಕಷ್ಟೇ ಉತ್ತರ ಹೇಳಿ ಬಾರೇ. ಕಥೆ ಗಿಥೆ ಯಾಕೆ?” ಎಂದ.

“ನೀನು ಚಪ್ಪಲಿ ಮಾರು ಹೋಗು” ಎಂದರು ಮಾವ.

ಅದೇ ಕಚೇರಿ, ಅದೇ ಮೂರು ಜನ. ಮೊದಲು ಕೇಳಿದ್ದಕ್ಕೆಲ್ಲ ಅವಳು ತಡವರಿಸದೆ ಹೇಳಿದಳು. ಕೊನೆಗೆ ಎಡಗಡೆಯವರು, “ಅಪಾಯದ ಸಂದರ್ಭ ಯಾವುದಾದ್ರೂ ಎದುರಿಸಿದ್ದೀರಾ?” ಎಂದರು. ಅವಳು ಆ ದಿನದ್ದನ್ನು ಹೇಳಿದಳು. ಚೆನ್ನಾಗಿಯೇ ಹೇಳಿದಳು. ಮೂವರೂ ಮುಂದಕ್ಕೆ ಬಾಗಿ ಕೇಳಿದರು.

“ಒಳ್ಳೆ ಕೆಲಸ ಮಾಡಿದ್ರಿ” ಎಂದರು ನಡುವಿನವರು. “ಆಗ ಲೈಸೆನ್ಸ್ ಇರೋರು ಎಲ್ಲಿದ್ರು?”

ಈ ಪ್ರಶ್ನೆ ಪುಸ್ತಕದಲ್ಲಿರಲಿಲ್ಲ. ಮಾವ ಕೇಳಿರಲಿಲ್ಲ. ಅಂಗಳಕ್ಕೆ ಹೋಗಿದ್ದರು ಎಂದಿದ್ದರೆ ಮುಗಿಯುತ್ತಿತ್ತು.

“ಅವತ್ತು ಬಂದಿರ್ಲಿಲ್ಲ ಸರ್.”

“ಬೇರೆ ದಿನ ಬರ್ತಾರಾ?”

“ವಾರಕ್ಕೊಂದ್ಸಲ ಬರ್ತಾರೆ.”

“ಅಂದ್ರೆ ಬಾಯ್ಲರ್ ನಡೆಸ್ತಿರೋದು ನೀವೇ?”

ಆ ಮಾತನ್ನು ಯಾರಾದರೂ ಒಮ್ಮೆ ಕೇಳಲಿ ಎಂದು ಅವಳು ತಿಂಗಳುಗಟ್ಟಲೆ ಕಾದಿದ್ದಳು. “ಹೌದು ಸರ್, ನಾನೇ” ಎಂದಳು, ತಲೆಯೆತ್ತಿ.

ನಡುವಿನವರು ಲಾಂಡ್ರಿಯ ವಿಳಾಸವನ್ನು ಇನ್ನೊಮ್ಮೆ ಕೇಳಿ ಬರೆದುಕೊಂಡರು. ಅವಳನ್ನು ಪಾಸು ಮಾಡಿದರು.

ಮಾವ ಈ ಸಲವೂ ಬೀದಿಗೆಲ್ಲ ಹೇಳಿಕೊಂಡು ಬಂದರು. ಅತ್ತೆ ಮೊಟ್ಟೆ ಬೇಯಿಸಿದರು, ಯಾರೂ ಹೇಳದೆ ಗಂಡನೇ ಪಾತ್ರೆ ತೊಳೆದ. ಮ್ಯಾನೇಜರ್, “ಲೈಸೆನ್ಸ್ ಕೈಗೆ ಬರ್ಲಿ, ಫೋಟೋನ ಕಳಿಸ್ಬಿಡ್ತೀನಿ” ಎಂದ. ಮ್ಯಾನೇಜರಿಗೂ ಆ ಲೈಸೆನ್ಸುದಾರ ಫೋಟೋನೇ ಆಗಿದ್ದ.

ಲೈಸೆನ್ಸಿಗಿಂತ ಮೊದಲು ಇನ್‌ಸ್ಪೆಕ್ಟರ್ ಬಂದ. ನೇರ ಬಾಯ್ಲರ್ ಮನೆಗೇ ಬಂದು, ಗೋಡೆಯ ಫೋಟೋ ನೋಡಿ, ಸೌದೆ ಹಾಕುತ್ತಿದ್ದ ಇವಳನ್ನು ನೋಡಿದ. ಬೆಂಕಿ ತೆಗೆಸಿದ. ಮರುದಿನ ಮುಚ್ಚಳ ಬಿಚ್ಚಿಸಿ ಮೇಲಿನ ಸಾಲಿನ ಕೊಳವೆಗಳನ್ನು ನೋಡಿದ. ಬಾಗಿಲಿಗೆ ತಂತಿ ಸುತ್ತಿ ಸೀಲು ಹಾಕಿದ. ಕೊಳವೆಗಳನ್ನೆಲ್ಲ ಬದಲಾಯಿಸಿ ಮತ್ತೆ ಪರೀಕ್ಷೆ ಮಾಡಿಸುವವರೆಗೆ ಬಾಯ್ಲರ್ ಮುಟ್ಟುವಂತಿಲ್ಲ. ಆಸ್ಪತ್ರೆಗಳು ಕಾಯಲಿಲ್ಲ, ಬಟ್ಟೆಯನ್ನು ಬೇರೆ ಲಾಂಡ್ರಿಗೆ ಕೊಟ್ಟವು. ಮಾಲೀಕ ಹಳೇ ಬಾಯ್ಲರಿಗೆ ಖರ್ಚು ಮಾಡುವುದಿಲ್ಲ ಎಂದ. ಮ್ಯಾನೇಜರ್ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಲಾಂಡ್ರಿ ಮುಚ್ಚಿತು ಎಂದು ಹೇಳಿದ. ಇವಳ ಕಡೆ ತಿರುಗಿ, “ಪಾಸಾದೆಯಲ್ಲಮ್ಮ, ಸಂತೋಷ” ಎಂದ.

ಅದೇ ವಾರ ಲೈಸೆನ್ಸ್ ಅಂಚೆಯಲ್ಲಿ ಬಂತು. ಗಂಡ ಒಡೆದು ನೋಡಿ ಮೇಜಿನ ಮೇಲಿಟ್ಟ.

“ಕಥೆ ಬೇಡ ಅಂದೆ” ಎಂದ.

“ಅಂದೆ ಸರಿ. ಈಗ ಅದನ್ನೇ ದಿನಾ ಅನ್ನು” ಎಂದಳು ಅವಳು.

“ನಾನೇನು ಲೈಸೆನ್ಸುದಾರ ಬರಲ್ಲ ಅಂತ ಹೇಳು ಅಂದ್ನಾ?” ಎಂದರು ಮಾವ. “ಬೆಂಕಿ ವಿಷಯ ಹೇಳು ಅಂದೆ.”

“ಬೆಂಕಿ ವಿಷಯ ಹೇಳಿದ್ರೆ ಬೆಂಕಿ ಹಾಕಿದ್ದು ಯಾರು ಅಂತ ಕೇಳಲ್ವಾ ಮಾವ? ನಿಮಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ.”

“ಸುಳ್ಳು ಹೇಳ್ಬೇಕಿತ್ತು.”

“ಅದನ್ನ ನೀವು ಹೇಳ್ಕೊಡ್ಲಿಲ್ಲ.”

ಬಾಗಿಲಲ್ಲಿ ಇಸ್ತ್ರಿ ಅಕ್ಕ ನಿಂತಿದ್ದಳು. ಯಾವಾಗ ಬಂದಳೋ ತಿಳಿಯಲಿಲ್ಲ. ಅತ್ತೆ ಒಳಗೆ ಕರೆದರು. ಅವಳು ಬರಲಿಲ್ಲ.

“ಎಲ್ಲಾದ್ರೂ ಕೆಲಸ ಇದ್ರೆ ಹೇಳಿ ಅಂತ ಬಂದೆ” ಎಂದಳು. ಮೇಜಿನ ಕಡೆ ನೋಡಿ, “ಅದೇನಾ ಅದು?” ಎಂದಳು.

“ಹೌದಕ್ಕಾ.”

“ಚೆನ್ನಾಗಿದೆ ಬಿಡು. ಫೋಟೋದಲ್ಲಿ ನಗ್ತಿದ್ದೀಯ” ಎಂದು ಮೆಟ್ಟಿಲಿಳಿದು ಹೋದಳು.

ಒಗೆಯುವ ಯಂತ್ರಗಳ ಮುಂದೆ ಐದು ಜನ ಇದ್ದರು. ಇಸ್ತ್ರಿಗೆ ನಾಲ್ಕು. ಮಡಿಸಿ ಗಂಟು ಕಟ್ಟುವುದಕ್ಕೆ ಇಬ್ಬರು. ಗಾಡಿಗೆ ಒಬ್ಬ, ಸೌದೆಗೆ ಒಬ್ಬ, ಬಾಯ್ಲರಿಗೆ ಅವಳು. ಗೋಡೆಯ ಮೇಲಿದ್ದವನ ಲೈಸೆನ್ಸನ್ನು ಇಲಾಖೆ ಕಿತ್ತುಕೊಂಡಿತು. ಹೋದದ್ದು ಒಟ್ಟು ಹದಿನಾಲ್ಕು ಕೆಲಸ, ಒಂದು ಲೈಸೆನ್ಸ್.